ಹೊರಟು ನಿಂತ ಪದ: ‘ರೆಡಿ’ಯ ಅರ್ಥ ಮತ್ತು ಮೂಲ



ಇವತ್ತು ಮಧ್ಯಾಹ್ನದಿಂದ ಸಂಘಟಕರು ನನಗೆ ಮೂರು ಸಲ ಫೋನ್ ಮಾಡಿದರು. ‘ಸರ್, ಹಾಲ್ ರೆಡಿ’ ಎಂದು ಒಂದು ಸಲ. ‘ಗಾಡಿ ರೆಡಿ’ ಎಂದು ಇನ್ನೊಂದು ಸಲ. ಕೊನೆಗೆ, ‘ನೀವು ರೆಡೀನಾ?’ ನಾನೂ ‘ರೆಡಿ’ ಎಂದೆ. ಹಾಲ್, ಗಾಡಿ, ಮನುಷ್ಯ ಮೂರಕ್ಕೂ ಒಂದೇ ಮಾತು ಸಾಕಾಯಿತು. ಉಪನ್ಯಾಸದ ವಿಷಯವನ್ನು ತಿಂಗಳುಗಳ ಹಿಂದೆಯೇ ತಿಳಿಸಿದ್ದರಿಂದ ಅವರು ಬೇಕೆಂದೇ ಹೀಗೆ ಮಾಡಿದರೋ ಎಂಬ ಗುಮಾನಿಯೂ ನನಗಿದೆ.

ಈ ಪುಟ್ಟ ಪದವೇ ಇಂದಿನ ವಿಷಯ. ಮೊದಲು, ಈ ಮುಂಬಯಿ ನಗರದಲ್ಲಿ ಅದು ಎಲ್ಲೆಲ್ಲಿ ಮನೆ ಮಾಡಿದೆ ಎಂದು ನೋಡೋಣ. ಆಮೇಲೆ ಅದು ಹುಟ್ಟಿದ ಊರಿಗೆ ಹೋಗಿಬರೋಣ. ಅದರ ಪಕ್ಕದಲ್ಲಿ ನಾವು ಆಡುವ ತಯಾರು, ಸಜ್ಜು, ಅಣಿ, ಸಿದ್ಧ ಎಂಬ ಪದಗಳನ್ನು ಒಂದೊಂದಾಗಿ ಬಿಡಿಸಿ, ಕೊನೆಗೆ ನನಗೆ ಪ್ರಿಯವಾದ ಒಂದು ಕನ್ನಡ ಪದದ ಬಳಿ ನಿಲ್ಲುತ್ತೇನೆ. ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ಯನ್ನೂ ಜಿ. ವೆಂಕಟಸುಬ್ಬಯ್ಯನವರ ‘ಇಗೋ ಕನ್ನಡ’ವನ್ನೂ ಓದಿ ಬೆಳೆದ ತಲೆಮಾರಿನವನು ನಾನು. ಪದಗಳ ಹಿಂದೆ ಅಲೆಯುವ ಚಟ ಅಲ್ಲಿಂದ ಅಂಟಿದ್ದು.

ಮೊದಲ ಭಾಗಕ್ಕೆ ಬರೋಣ. ಫೋರ್ಟಿನ ವಿಶ್ವವಿದ್ಯಾಲಯದ ಆವರಣದಲ್ಲಿ, ಘಟಿಕೋತ್ಸವ ಭವನದ ಹತ್ತಿರ, ಒಬ್ಬ ಪಾರ್ಸಿ ಹಿರಿಯರ ಪ್ರತಿಮೆ ಇದೆ. ಅದು ಸರ್ ಕಾವಸ್‌ಜಿ ಜಹಾಂಗೀರ್ ಅವರದು. 1812ರಲ್ಲಿ ಹುಟ್ಟಿದ ಇವರು ಹದಿನೈದರ ವಯಸ್ಸಿನಲ್ಲಿ ಒಂದು ವಿದೇಶಿ ಕಂಪನಿಯ ಗೋದಾಮು ನೋಡಿಕೊಳ್ಳುವ ಕೆಲಸಕ್ಕೆ ಸೇರಿ, ಮುಂದೆ ದೊಡ್ಡ ವರ್ತಕರಾಗಿ, 1872ರಲ್ಲಿ ‘ಸರ್’ ಪದವಿ ಪಡೆದು, 1878ರಲ್ಲಿ ತೀರಿಕೊಂಡರು. ಜಾರ್ಜ್ ಗಿಲ್ಬರ್ಟ್ ಸ್ಕಾಟ್ ವಿನ್ಯಾಸ ಮಾಡಿದ, 1874ರಲ್ಲಿ ಮುಗಿದ ಆ ಭವನಕ್ಕೆ ಇವರದೇ ಹೆಸರು; ಅದರ ಖರ್ಚಿಗೆ ಒಂದು ಲಕ್ಷ ರೂಪಾಯಿ ಕೊಟ್ಟವರು ಇವರು. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಇವರು 1869ರಲ್ಲಿ ಕಟ್ಟಿಸಿದ ಕುಡಿಯುವ ನೀರಿನ ಕಾರಂಜಿ ಇಂದಿಗೂ ನಿಂತಿದೆ. ಈ ಮಹನೀಯರ ಮನೆತನದ ಹೆಸರು ‘ರೆಡಿಮನಿ’. ಅಡ್ಡಹೆಸರಿನ ತಮಾಷೆ ಅಲ್ಲ, ಕಾಗದಪತ್ರದಲ್ಲಿ ಬರೆಯುವ ಹೆಸರೇ. ನವಸಾರಿಯಿಂದ ಬೊಂಬಾಯಿಗೆ ಬಂದು ಚೀನಾ ವ್ಯಾಪಾರದಲ್ಲಿ ಹಣ ಮಾಡಿದ ಹಿರಿಯರು, ಕೇಳಿದವರಿಗೆ ತಡಮಾಡದೆ ರೊಕ್ಕ ಎಣಿಸಿ ಕೊಡುತ್ತಿದ್ದರಂತೆ. ಜನ ಕರೆದ ಹೆಸರು ವಂಶಕ್ಕೆ ಅಂಟಿಕೊಂಡಿತು.

ನಮ್ಮ ಕಿರಾಣಿ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದರಿ’ ಎಂಬ ಬೋರ್ಡು ಇರುತ್ತಿತ್ತಲ್ಲ, ಅದರ ಮೊದಲರ್ಧವನ್ನೇ ಮನೆತನದ ಹೆಸರು ಮಾಡಿಕೊಂಡ ಹಾಗೆ. ಈ ನಗರದಲ್ಲಿ ‘ರೆಡಿ’ ಎಂಬ ಪದ ನೆಲೆಯಾದದ್ದು ಹೀಗೆ ಹಣದ ಜೊತೆ ಎಂಬುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಆ ನಂಟು ಇನ್ನೂ ಬಿಟ್ಟಿಲ್ಲ. ಇಲ್ಲಿ ಕುಳಿತವರಲ್ಲಿ ಫ್ಲ್ಯಾಟು ಕೊಂಡವರಿಗೆಲ್ಲ ‘ರೆಡಿ ರೆಕನರ್’ ಗೊತ್ತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ವರ್ತಕರ ಲೆಕ್ಕದ ಕೈಪಿಡಿ. ಇಷ್ಟು ಗಜಕ್ಕೆ ಇಷ್ಟಾದರೆ ಅಷ್ಟು ಗಜಕ್ಕೆ ಎಷ್ಟು ಎಂದು ಗುಣಿಸಿ ಇಟ್ಟ ಪಟ್ಟಿ. ಮುಂಬಯಿಯಲ್ಲಿ ಅದು ಯಾವ ಬಡಾವಣೆಯಲ್ಲಿ ಜಾಗದ ದರ ಎಷ್ಟೆಂದು ಸರಕಾರ ಹೊರಡಿಸುವ ಪಟ್ಟಿ. ನೀವು ಕೊಟ್ಟ ಬೆಲೆ, ಪಟ್ಟಿಯ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಸ್ಟ್ಯಾಂಪ್ ಡ್ಯೂಟಿ. ಇನ್ನು ಹೋರ್ಡಿಂಗುಗಳ ಮೇಲಿನ ‘ರೆಡಿ ಪೊಸೆಶನ್’ ನೋಡಿ. ಕಟ್ಟುತ್ತಿರುವ ಫ್ಲ್ಯಾಟಿಗೆ 2019ರ ಏಪ್ರಿಲ್ 1ರಿಂದ ಜಿಎಸ್‌ಟಿ ಶೇ. 5, ಕೈಗೆಟುಕುವ ದರದ ಮನೆಯಾದರೆ ಶೇ. 1. ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕಮೇಲೆ ಮಾರಿದರೆ ಆ ತೆರಿಗೆಯೇ ಇಲ್ಲ. ಒಂದು ಕೋಟಿಯ ಮನೆಗೆ ‘ರೆಡಿ’ ಎಂಬ ಎರಡಕ್ಷರದ ಬೆಲೆ ಐದು ಲಕ್ಷ. ಕನ್ನಡದ ಯಾವ ವಿಶೇಷಣಕ್ಕೂ ಇಷ್ಟು ಬೆಲೆ ಬಂದದ್ದನ್ನು ನಾನು ಕಾಣೆ.

ಈಗ ಪದದ ಮೂಲಕ್ಕೆ ಹೋಗೋಣ. ಇಲ್ಲಿ ಹಣ ಇಲ್ಲ, ಕುದುರೆ ಇದೆ.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ರ‍್ಯಾಡೆ’, ‘ಗೆರ‍್ಯಾಡೆ’. ಹದಿಮೂರನೆಯ ಶತಮಾನದ ಆಸುಪಾಸಿನಲ್ಲಿ ಕೊನೆಗೊಂದು ಇಕಾರ ಸೇರಿ ಇಂದಿನ ರೂಪದ ಹತ್ತಿರ ಬಂತು. ಅದೇ ‘ಗೆರ‍್ಯಾಡೆ’ ನಾಮಪದವಾದಾಗ ಅರ್ಥ ಕುದುರೆಯ ಜೀನು, ಲಗಾಮು, ಅಲಂಕಾರದ ಸಾಮಗ್ರಿ. ಜರ್ಮನ್ ಭಾಷೆಯಲ್ಲಿ ‘ಬೆರೈಟ್’ ಎಂದರೆ ಸಿದ್ಧ, ‘ರೈಟನ್’ ಎಂದರೆ ಕುದುರೆ ಸವಾರಿ ಮಾಡು. ಇವೆಲ್ಲದರ ಹಿಂದೆ ಸವಾರಿ ಎಂಬ ಅರ್ಥದ ಒಂದೇ ಧಾತು ಇರಬೇಕೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹಾಗಾದರೆ ‘ರೆಡಿ’ ಎಂದರೆ ಮೊದಲು, ಜೀನು ಬಿಗಿದು ಪ್ರಯಾಣಕ್ಕೆ ನಿಂತದ್ದು. ಅದರ ಒಡಹುಟ್ಟಿದವರ ಹೆಸರು ಕೇಳಿ: ರೈಡ್, ರೋಡ್, ರೇಡ್. ‘ರೋಡ್’ ಎಂದರೆ ಹಿಂದೆ ಸವಾರಿಯೇ, ಸವಾರಿ ಹೋಗುವ ದಾರಿ ಎಂಬ ಅರ್ಥ ಆಮೇಲಿನದು. ‘ರೇಡ್’ ಅದೇ ಪದದ ಸ್ಕಾಟ್ಲೆಂಡಿನ ಉಚ್ಚಾರ. ಕುದುರೆ ಏರಿ ಲೂಟಿಗೆ ಹೋಗುವುದು. ಇನ್‌ಕಮ್ ಟ್ಯಾಕ್ಸ್‌ನವರು ಈಗ ಕಾರಿನಲ್ಲಿ ಬರುತ್ತಾರೆ, ಪದ ಮಾತ್ರ ಕುದುರೆಯ ಮೇಲೇ ಇದೆ. ಓದು ಎಂಬ ಅರ್ಥದ ‘ರೀಡ್’ ಈ ಮನೆಯವನಲ್ಲ ಎಂದು ವಿದ್ಯಾರ್ಥಿಗಳು ಗಮನಿಸಬೇಕು. ಅದರ ಮೂಲಾರ್ಥ ಸಲಹೆ ಕೊಡು ಎಂದು, ಧಾತುವೇ ಬೇರೆ.

‘ಆಲ್ರೆಡಿ’ ಎಂದು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಅದೂ ‘ಎಲ್ಲ ರೆಡಿ’ ಎಂಬುದರಿಂದ ಬಂದದ್ದೇ. ಪೂರ್ತಿ ಸಜ್ಜಾಗಿ ನಿಂತದ್ದು ಎನ್ನುವುದು ಸವೆದು ಸವೆದು ‘ಆಗಲೇ’ ಎಂಬ ಕಾಲವಾಚಕವಾಯಿತು. ‘ಆಲ್ರೆಡಿ ರೆಡಿ ಇದೆ’ ಎನ್ನುವ ಮಗು ಗೊತ್ತಿಲ್ಲದೆ ಕುದುರೆಗೆ ಎರಡು ಸಲ ಜೀನು ಬಿಗಿಯುತ್ತಿದೆ.

ಕುದುರೆ ಅಪರೂಪವಾದ ಈ ನಗರದಲ್ಲಿ ಪದದ ಹಳೆಯ ಅರ್ಥ ಇನ್ನೂ ಉಳಿದಿರುವ ಜಾಗ ಒಂದೇ, ಲೋಕಲ್ ಟ್ರೈನಿನ ಬಾಗಿಲು. ವಿರಾರಿನ ಫಾಸ್ಟ್ ಗಾಡಿ ಬಾಂದ್ರಾ ಬಿಟ್ಟೊಡನೆ ಹಿಂದಿನವನು ಮುಂದಿನವನ ಭುಜ ಮುಟ್ಟಿ ‘ದಾದರ್?’ ಎನ್ನುತ್ತಾನೆ. ಹೌದೆಂದರೆ ಸರಿ, ಇಲ್ಲವೆಂದರೆ ಇಬ್ಬರೂ ಜಾಗ ಬದಲಿಸುತ್ತಾರೆ. ಚೀಲ ಎದೆಗೆ ಬರುತ್ತದೆ, ಮೊಬೈಲು ಒಳಜೇಬಿಗೆ ಹೋಗುತ್ತದೆ. ಗಾಡಿ ನಿಲ್ಲುವುದು ಅರ್ಧ ನಿಮಿಷ. ಇಳಿಯುವವನು ಆಗಲೇ ಮನಸ್ಸಿನಲ್ಲಿ ಪ್ಲ್ಯಾಟ್‌ಫಾರ್ಮಿನ ಮೇಲಿದ್ದಾನೆ. ಆ ಸ್ಥಿತಿಗೆ ಕನ್ನಡದಲ್ಲಿ ಸೊಗಸಾದ ಮಾತೊಂದಿದೆ: ‘ಹೊರಟು ನಿಂತಿದ್ದಾನೆ.’ ಹೊರಟವನು ನಿಲ್ಲುವುದು ಹೇಗೆ, ನಿಂತವನು ಹೊರಟದ್ದು ಹೇಗೆ ಎಂದು ವ್ಯಾಕರಣ ಕೇಳಬಹುದು. ಜೀನು ಬಿಗಿಸಿಕೊಂಡು ಗೊರಸು ಕುಟ್ಟುವ ಕುದುರೆಗೆ ಆ ಪ್ರಶ್ನೆ ಇಲ್ಲ. ‘ರೆಡಿ’ಗೆ ಕನ್ನಡದಲ್ಲಿ ನಿಜವಾದ ಸಮಾನಪದ ಬೇಕೆಂದರೆ ನಾನು ಈ ‘ಹೊರಟು ನಿಂತ’ವನ್ನೇ ಮುಂದಿಡುತ್ತೇನೆ.

ಇಲ್ಲಿಂದ ಮೂರನೆಯ ಭಾಗ. ಇಂಗ್ಲಿಷಿನ ಪದ ಬಂದು ಕನ್ನಡ ಕೆಟ್ಟಿತು ಎನ್ನುವವರು ಇದ್ದಾರೆ. ಅವರು ಸಾಮಾನ್ಯವಾಗಿ ‘ರೆಡಿ ಎನ್ನಬೇಡಿ, ತಯಾರು ಎನ್ನಿ’ ಎನ್ನುತ್ತಾರೆ. ತಯಾರು ಯಾವ ಊರಿನದು? ಅರಬ್ಬಿಯಲ್ಲಿ ‘ತೈರ್’ ಎಂದರೆ ಹಕ್ಕಿ, ‘ತಯ್ಯಾರ್’ ಎಂದರೆ ಹಾರುವವನು. ಇಂದಿನ ಅರಬ್ಬಿಯಲ್ಲಿ ವಿಮಾನದ ಪೈಲಟ್ಟು ‘ತಯ್ಯಾರ್’, ವಿಮಾನ ‘ತಯ್ಯಾರಾ’. ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ನಮ್ಮ ಕರಾವಳಿಯ ಬಂಧುಗಳಿಗೆ ಇದು ಗೊತ್ತು. ಹಾರುವವನು ಸಿದ್ಧನಾದದ್ದು ಹೇಗೆ? ಉರ್ದು ನಿಘಂಟುಕಾರರು ಕೊಡುವ ವಿವರಣೆ ಬೇಟೆಯ ಡೇಗೆಯದು. ಪಳಗಿಸಿದ ಡೇಗೆ ಹಳೆಯ ಗರಿ ಉದುರಿಸುವ ಕಾಲದಲ್ಲಿ ಬೇಟೆಗೆ ಬಾರದು. ಹೊಸ ಗರಿ ಬಲಿತು ರೆಕ್ಕೆಗೆ ಕಸುವು ಬಂದಾಗ ಸಾಕಿದವನು ‘ತಯ್ಯಾರ್’ ಎನ್ನುತ್ತಿದ್ದ, ಅಂದರೆ ಹಾರಬಲ್ಲದು. ಇಂಗ್ಲಿಷಿನವನು ಕುದುರೆಯ ಬಳಿ ಕಂಡದ್ದನ್ನು ಇವನು ಹಕ್ಕಿಯ ಬಳಿ ಕಂಡ.

ಹಾರುವ ಅರ್ಥ ಪೂರಾ ಸತ್ತಿಲ್ಲ. ಹಿಂದುಸ್ತಾನಿ ಸಂಗೀತದ ಮೆಹಫಿಲ್ಲಿನಲ್ಲಿ ಗಾಯಕ ದ್ರುತ್‌ನಲ್ಲಿ ಮೂರು ಸಪ್ತಕದ ತಾನ್ ಬಿಟ್ಟಾಗ ಹಿಂದಿನ ಸಾಲಿನಿಂದ ‘ಏನು ತಯ್ಯಾರಿ!’ ಎಂಬ ಉದ್ಗಾರ ಬರುತ್ತದಲ್ಲ, ಅಲ್ಲಿ ಆ ಪದಕ್ಕೆ ಸಿದ್ಧತೆ ಎಂದು ಅರ್ಥ ಹೇಳಿದರೆ ಏನೂ ಹೇಳಿದಂತಾಗದು. ವರ್ಷಗಟ್ಟಲೆ ರಿಯಾಜಿನಿಂದ ಗಂಟಲಿಗೆ ರೆಕ್ಕೆ ಬಂದಿದೆ ಎಂದೇ ಅದರ ಅರ್ಥ. ಧಾರವಾಡದ ಕಡೆಯಿಂದ ಬಂದ ಭೀಮಸೇನ ಜೋಶಿ, ಬಸವರಾಜ ರಾಜಗುರು ಅವರ ಕಛೇರಿಗಳನ್ನು ಈ ನಗರದಲ್ಲಿ ಕೇಳಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಹಣ್ಣಿನ ಮಾರುಕಟ್ಟೆಯಲ್ಲೂ ‘ತಯಾರ್ ಆಂಬಾ’ ಎಂದರೆ ಇವತ್ತೇ ಕೊಯ್ದು ತಿನ್ನಬಹುದಾದ ಹಾಪೂಸು. ನಾವು ಕನ್ನಡಿಗರು ಆ ಪದಕ್ಕೆ ‘ಇಕೆ’ ಸೇರಿಸಿ ‘ತಯಾರಿಕೆ’ ಮಾಡಿದೆವು, ಅರಬ್ಬಿ ತಲೆಗೆ ಸಂಸ್ಕೃತದ ಬಾಲ ಸೇರಿಸಿ ‘ತಯಾರಕರು’ ಎಂದೆವು. ಹಾರುವ ಹಕ್ಕಿ ಕಾರ್ಖಾನೆಯ ಮಾಲೀಕನಾಯಿತು. ಯಾರೂ ಆಕ್ಷೇಪಿಸಲಿಲ್ಲ.

‘ರೆಡಿ’ಯೂ ಆ ದಾರಿಯಲ್ಲೇ ಇದೆ. ಬೆಂಗಳೂರು ಮೈಸೂರಿನ ಕಡೆ ‘ಫ್ಯಾನು ರೆಡಿ ಮಾಡಿಸಬೇಕು’ ಎಂದರೆ ಕೆಟ್ಟದ್ದನ್ನು ದುರಸ್ತಿ ಮಾಡಿಸಬೇಕು ಎಂದು. ಈ ಅರ್ಥ ಇಂಗ್ಲಿಷಿನವನಿಗೆ ತಿಳಿಯದು. ಅವನ ಪದಕ್ಕೆ ಅವನಿಗೇ ತಿಳಿಯದ ಅರ್ಥ ಕೊಟ್ಟಮೇಲೆ ಅದು ನಮ್ಮದೆನ್ನಲು ನನಗೆ ಸಂಕೋಚವಿಲ್ಲ.

ಸಂಸ್ಕೃತದಿಂದ ಬಂದ ಎರಡು ಯುದ್ಧದ ಪದಗಳನ್ನು ಬೇಗ ನೋಡಿ ಮುಂದೆ ಹೋಗೋಣ. ‘ಸನ್ನದ್ಧ’ದಲ್ಲಿರುವುದು ಕಟ್ಟು ಎಂಬ ಅರ್ಥದ ‘ನಹ್’ ಧಾತು. ಕವಚ ಕಟ್ಟಿಕೊಂಡವನು ಸನ್ನದ್ಧ. ಯಕ್ಷಗಾನದ ಚೌಕಿಯಲ್ಲಿ ಕಲಾವಿದರು ‘ವೇಷ ಕಟ್ಟುವುದು’ ಇದೇ ಅರ್ಥದಲ್ಲಿ. ‘ಸಜ್ಜು’ ಬಂದದ್ದು ‘ಸಜ್ಯ’ದಿಂದ ಎನ್ನುತ್ತಾರೆ. ‘ಜ್ಯಾ’ ಎಂದರೆ ಬಿಲ್ಲಿನ ಹೆದೆ, ಹೆದೆ ಏರಿಸಿದ ಬಿಲ್ಲು ಸಜ್ಜು. ಬಿಲ್ಲುಗಾರರು ಕೆಲಸವಿಲ್ಲದಾಗ ಹೆದೆ ಇಳಿಸಿಡುತ್ತಾರೆ, ಸದಾ ಏರಿಸಿಟ್ಟರೆ ಬಿಲ್ಲು ಸೋಲುತ್ತದೆ. ಪ್ರತಿ ಮೇ ತಿಂಗಳಲ್ಲಿ ಮರಾಠಿ ಪತ್ರಿಕೆಗಳಲ್ಲಿ ‘ಪಾವಸಾಳ್ಯಾಸಾಠಿ ಪಾಲಿಕಾ ಸಜ್ಜ’, ಅಂದರೆ ಮಳೆಗಾಲಕ್ಕೆ ಪಾಲಿಕೆ ಸಜ್ಜು, ಎಂಬ ತಲೆಬರಹ ಕಂಡಾಗ ನನಗೆ ಮೋಡಗಳಿಗೆ ಗುರಿಯಿಟ್ಟು ನಿಂತ ಮಹಾನಗರಪಾಲಿಕೆಯ ಚಿತ್ರ ಕಣ್ಣಿಗೆ ಬರುತ್ತದೆ. ನಾಲೆಗಳ ಹೂಳು ತೆಗೆಯುವುದು, ಪಂಪು ಇಳಿಸುವುದು, ಮರದ ಕೊಂಬೆ ಕಡಿಯುವುದು, ಎಲ್ಲ ನಡೆಯುತ್ತದೆ, ಸರಿ. ಆದರೆ 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗೆ 944 ಮಿ.ಮೀ. ಸುರಿದಾಗ ಕೊಲಾಬದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಒಂದೇ ನಗರದ ಎರಡು ತುದಿ. ಬಾಣ ಎತ್ತ ಬಿಡಬೇಕೆಂದು ಗೊತ್ತಿಲ್ಲದಿದ್ದರೆ ಹೆದೆ ಏರಿಸಿ ಫಲವೇನು? ಆ ರಾತ್ರಿ ಕುರ್ಲಾ, ಕಲಿನಾಗಳಲ್ಲಿ ಸೊಂಟಮಟ್ಟ ನೀರಿನಲ್ಲಿ ನಡೆದವರು ಈ ಸಭೆಯಲ್ಲೂ ಇರಬಹುದು.

‘ಅಣಿ’ಯ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದು ನಮ್ಮದೇ ದ್ರಾವಿಡ ಪದ. ಕನ್ನಡದಲ್ಲಿ ಅಣಿಯಾಗು ಎಂದರೆ ಸಿದ್ಧವಾಗು. ತಮಿಳಿನಲ್ಲಿ ‘ಅಣಿ’ ಎಂದರೆ ಒಡವೆ, ಅಲಂಕಾರ. ಸೈನ್ಯದ ಸಾಲೂ ಹೌದು. ಇಲ್ಲಿ ಮಾಟುಂಗದ ತಮಿಳು ನೆರೆಯವರು ಭಾರತದ ಕ್ರಿಕೆಟ್ ತಂಡಕ್ಕೂ ‘ಅಣಿ’ ಎನ್ನುತ್ತಾರೆ. ತುಳುವಿಗೆ ಬನ್ನಿ. ಕೋಲದಲ್ಲಿ ದೈವದ ಬೆನ್ನಿಗೆ ಕಟ್ಟುವ, ತೆಂಗಿನ ಎಳೆಗರಿಗಳಿಂದ ಸಿಂಗರಿಸಿದ ಆ ದೊಡ್ಡ ಪ್ರಭಾವಳಿಯ ಹೆಸರು ‘ಅಣಿ’. ಬಣ್ಣ ಬಳಿದು, ಗಗ್ಗರ ಕಟ್ಟಿಕೊಂಡು ನಿಂತವನ ಬೆನ್ನಿಗೆ ಅಣಿ ಏರುವವರೆಗೆ ಊರವರ ಕಣ್ಣಿಗೆ ಅವನು ಪರಿಚಯದ ಮನುಷ್ಯನೇ. ಏರಿದ ಮೇಲೆ ಅವನ ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇಲ್ಲ. ಅಣಿಯಾಗುವುದು ಎಂಬ ಮಾತಿನ ತೂಕ ನನಗೆ ತಿಳಿದದ್ದು ನಿಘಂಟಿನಿಂದ ಅಲ್ಲ, ಉಡುಪಿ ಕಡೆಯ ಒಂದು ರಾತ್ರಿಯಿಂದ.

ಇದಕ್ಕೊಂದು ಬೆರಗಿನ ಜೋಡಿ ಇಂಗ್ಲಿಷಿನಲ್ಲಿದೆ. ‘ಅರೇ’ ಎಂಬ ಪದಕ್ಕೆ ಅಲ್ಲಿ ಸಾಲು, ವ್ಯೂಹ ಎಂದೂ ಅರ್ಥ, ಉಡುಗೆತೊಡುಗೆ ಎಂದೂ ಅರ್ಥ. ಅದು ಫ್ರೆಂಚಿನ ಸುತ್ತುದಾರಿಯಲ್ಲಿ ಬಂದ ‘ರೆಡಿ’ಯ ದಾಯಾದಿ. ಸಾಲು, ಸಿಂಗಾರ, ಸಿದ್ಧತೆ ಮೂರನ್ನೂ ಒಂದೇ ಬೇರಿನಲ್ಲಿ ಹಿಡಿಯುವ ಬುದ್ಧಿ, ಯಾವ ನಂಟೂ ಇಲ್ಲದ ಎರಡು ಭಾಷಾಕುಟುಂಬಗಳಿಗೆ ಬೇರೆಬೇರೆಯಾಗಿ ಹೊಳೆದಿದೆ.

ಕೊನೆಯ ಭಾಗ ಅಡುಗೆಮನೆಯದು. ‘ಸಿದ್ಧ’ ಎಂದರೆ ನೆರವೇರಿದ್ದು, ಕೈಗೂಡಿದ್ದು. ಅನ್ನದ ಮಾತಿನಲ್ಲಿ ಬೆಂದದ್ದು. ಸಂಸ್ಕೃತದಲ್ಲಿ ಸಿದ್ಧಾನ್ನ ಬೇಯಿಸಿದ್ದು, ಆಮಾನ್ನ ಹಸಿ ಧಾನ್ಯ. ಇದೇ ಪದ ಮರಾಠಿಯಲ್ಲಿ ‘ಶಿಧಾ’ ಆಗಿ, ಅಕ್ಕಿ-ಬೇಳೆಗಳ ಬೇಯಿಸದ ಪಡಿಯಾಯಿತು. ನಮ್ಮ ರೇಷನ್ ಕಾರ್ಡಿನ ಮೇಲೆ ‘ಶಿಧಾಪತ್ರಿಕಾ’ ಎಂದಿರುವುದು ಅದೇ. 2022ರ ದೀಪಾವಳಿಗೆ ರಾಜ್ಯ ಸರಕಾರ ನೂರು ರೂಪಾಯಿಗೆ ರವೆ, ಕಡಲೆಬೇಳೆ, ಸಕ್ಕರೆ ತಲಾ ಒಂದು ಕಿಲೋ, ಒಂದು ಲೀಟರ್ ಎಣ್ಣೆ ಕೊಟ್ಟು ‘ಆನಂದಾಚಾ ಶಿಧಾ’ ಎಂದು ಕರೆಯಿತು. ಬೆಂದದ್ದೆಂಬ ಪದ ಬೇಯದ್ದಕ್ಕೆ ಹೆಸರಾಗಿ ನಿಂತಿದೆ. ಅರ್ಥ ಇಷ್ಟು ತಿರುಗಿದರೂ ಮುಂಬಯಿಯ ಯಾವ ಮನೆಯಲ್ಲೂ ಒಲೆ ಆರಲಿಲ್ಲ.

ಇನ್ನು ನಾನು ಹೇಳಬೇಕೆಂದು ಬಂದ ಪದ, ‘ಹದ’. ಹಳಗನ್ನಡದ ‘ಪದ’, ತಮಿಳಿನ ‘ಪದಂ’. ತಕ್ಕ ಪಾಕ, ತಕ್ಕ ಸಮಯ. ಮೊದಲ ಮಳೆ ಬಿದ್ದ ಹೊಲದ ಹದ, ಬೆಲ್ಲದ ಪಾಕದ ಹದ, ಕುಂಬಾರನ ಮಣ್ಣಿನ ಹದ. ಇದುವರೆಗೆ ನೋಡಿದ ರೆಡಿ, ತಯಾರು, ಸಜ್ಜು, ಸನ್ನದ್ಧ ಎಲ್ಲವೂ ಹೊರಡುವವರ ಪದಗಳು. ಕುದುರೆ ಹೋಗುತ್ತದೆ, ಡೇಗೆ ಹಾರುತ್ತದೆ, ಬಾಣ ಬಿಡುತ್ತಾರೆ. ಹದ ಹಾಗಲ್ಲ, ಅದು ಬರುತ್ತದೆ. ‘ಹದಕ್ಕೆ ಬಂತು’ ಎನ್ನುತ್ತೇವೆ. ಬರುವವರೆಗೆ ಕಾಯುತ್ತೇವೆ. ಬಂದಾಗ ಗುರುತಿಸದಿದ್ದರೆ ದಾಟಿಹೋಗುತ್ತದೆ, ‘ಹದಗೆಟ್ಟಿತು’ ಎನ್ನುತ್ತೇವೆ. ಹದದ ಸುತ್ತ ಕನ್ನಡದಲ್ಲಿ ಒಂದೊಂದು ವಸ್ತುವಿಗೆ ಒಂದೊಂದು ಕ್ರಿಯಾಪದವಿದೆ. ಅನ್ನ ಆಗುತ್ತದೆ, ಹಾಲು ಹೆಪ್ಪಾಗುತ್ತದೆ, ಕಾಯಿ ಬಲಿಯುತ್ತದೆ, ಡಿಕಾಕ್ಷನ್ ಇಳಿಯುತ್ತದೆ. ‘ಅನ್ನ ರೆಡಿ, ಮೊಸರು ರೆಡಿ, ಡಿಕಾಕ್ಷನ್ ರೆಡಿ’ ಎಂದಾಗ ತಪ್ಪೇನೂ ಇಲ್ಲ. ಆದರೆ ಹಾಲು ಏನು ಮಾಡಿತು, ಪುಡಿ ಏನು ಮಾಡಿತು ಎಂಬ ಸುದ್ದಿ ಕೈಬಿಟ್ಟಿತು. ನನ್ನ ತಕರಾರು ಇಷ್ಟಕ್ಕೇ.

ನಾನು ಈ ಊರಿಗೆ ಬಂದಾಗ ಹಗಲು ಒಂದು ಉಡುಪಿ ಹೋಟೆಲಿನಲ್ಲಿ ಕೆಲಸ, ರಾತ್ರಿ ಶಾಲೆಯಲ್ಲಿ ಓದು. ಆ ಕಾಲದ ಎಷ್ಟೋ ಕರಾವಳಿಯ ಹುಡುಗರ ಕಥೆ ಇದು. ರುಬ್ಬಿಟ್ಟ ಇಡ್ಲಿ ಹಿಟ್ಟನ್ನು ಬೆಳಗಿನ ಜಾವ ನಾಲ್ಕಕ್ಕೆ ನೋಡುವ ಅಧಿಕಾರ ನಮ್ಮ ಭಟ್ಟರಿಗೆ ಮಾತ್ರ. ಜುಲೈಯ ಸೆಕೆಮಳೆಯಲ್ಲಿ ಹಿಟ್ಟು ಹಂಡೆಯಿಂದ ಹೊರಗೇ ನಡೆದು ಬರುತ್ತಿತ್ತು, ಜನವರಿಯಲ್ಲಿ ಮುಚ್ಚಿದ ಗೋಣಿಯ ಕೆಳಗೆ ಸುಮ್ಮನೆ ಮಲಗಿರುತ್ತಿತ್ತು. ಅಂಥ ಒಂದು ಚಳಿಯ ಮುಂಜಾನೆ, ಗಲ್ಲೆಯ ಮೇಲೆ ಕುಳಿತ ಧಣಿಗಳು ಅವಸರದಲ್ಲಿ ಕೂಗಿದರು, ‘ಭಟ್ರೇ, ಇಡ್ಲಿ ರೆಡೀನಾ? ಗಿರಾಕಿ ಬಂದಾಯ್ತು!’

ಭಟ್ಟರು ಗೋಣಿ ಸರಿಸಿ, ಬೆರಳದ್ದಿ, ಮೂಸಿ, ಮತ್ತೆ ಮುಚ್ಚಿದರು. ‘ಗಿರಾಕಿ ಬಂದದ್ದು ಹೌದು, ಧಣಿಗಳೇ. ಹಿಟ್ಟು ಇನ್ನೂ ಬರ್ಲಿಲ್ಲ.’

ಬಾಗಿಲ ಬಳಿ ನಿಂತ ಸಂಘಟಕರು ಕಾಫಿ ರೆಡಿಯೆಂದು ಕೈಸನ್ನೆ ಮಾಡುತ್ತಿದ್ದಾರೆ. ಡಿಕಾಕ್ಷನ್ ಇಳಿದಿದೆಯೇ ಎಂದು ಹೋಗಿ ನೋಡೋಣ.